ಗೊತ್ತಪ್ಪನ ಖಾಸಗಿ ಹೂಡಿಕೆ

ಮೊದಲ ಮಳೆ ಬಿದ್ದು ನೆಲ ಹದಕ್ಕೆ ಬಂದಿತ್ತು. ಹೆಂಟೆಯೊಂದನ್ನು ಅಂಗೈಯಲ್ಲಿಟ್ಟು ಅಮುಕಿದರೆ ಅಂಟದೆ, ಉದುರದೆ, ಬೆರಳಿನ ಗುರುತನ್ನು ಮಾತ್ರ ಉಳಿಸಿಕೊಂಡು ಕೂರುವಂಥ ಹದ. ಇಂಥ ಹದ ಬರುವ ದಿನ ಹೇಳುವುದಿಲ್ಲ, ಬಂದರೆ ಹೆಚ್ಚು ಹೊತ್ತು ಕೂರುವುದೂ ಇಲ್ಲ. ಬಿಸಿಲು ನಾಲ್ಕು ದಿನ ಸರಿಯಾಗಿ ಮುಖ ತೋರಿಸಿತೆಂದರೆ ಎದ್ದು ಹೊರಟುಬಿಡುತ್ತದೆ. ಅದಕ್ಕೇ ಬೆಳಕು ಹರಿಯುವ ಮೊದಲೇ ಊರೆಲ್ಲ ಹೊಲಕ್ಕಿಳಿದಿತ್ತು. ಬದುವಿನ ಕಸ ಸವರುವವರು, ಗೊಬ್ಬರದ ಗುಡ್ಡೆ ಹರಡುವವರು, ಬಿತ್ತನೆಯ ಕಾಳು ಕೇರುವವರು. ಎಲ್ಲರ ಕೈಯೂ ಕೆಲಸದ ಮೇಲಿತ್ತು, ಕಣ್ಣು ಮಾತ್ರ ಗೊತ್ತಪ್ಪನ ದಾರಿಯ ಮೇಲಿತ್ತು.

ಕಾರಣವಿಷ್ಟೆ. ಆ ಊರಿನ ತುಂಡು ಹೊಲಗಳಲ್ಲಿ ಟ್ರ್ಯಾಕ್ಟರ್ ತಿರುಗುವುದಿಲ್ಲ. ಒಳಗೆ ನುಗ್ಗಿದರೆ, ತಿರುಗಿಸಿಕೊಂಡು ಬರಲು ಪಕ್ಕದವನ ಹೊಲವನ್ನೂ ಕೊಳ್ಳಬೇಕು. ನೇಗಿಲು ಹೂಡುವವನು ಗೊತ್ತಪ್ಪ ಒಬ್ಬನೇ. ಅವನ ಸ್ವಂತ ಹೊಲ ಅಂಗೈಯಗಲ. ಬೇರೆಯವರ ಹೊಲ ಉತ್ತು ಬಂದದ್ದರಲ್ಲಿ ಅವನ ಸಂಸಾರ ನಡೆಯುತ್ತಿತ್ತು.

ಹೆತ್ತವರು ಅವನಿಗೆ ಇಟ್ಟ ಹೆಸರು ಬೇರೆ ಇತ್ತು. ಯಾರು ಏನು ಹೇಳಹೊರಟರೂ ಮಾತು ಮುಗಿಯುವ ಮುಂಚೆ "ಗೊತ್ತು, ಗೊತ್ತು" ಅನ್ನುವುದು ಅವನ ಹುಟ್ಟುಗುಣವಾದ್ದರಿಂದ ಊರು ಆ ಹೆಸರನ್ನು ಬದಿಗಿಟ್ಟು ಗೊತ್ತಪ್ಪ ಎಂದು ಕರೆಯಿತು. ಒಮ್ಮೆ ದಾರಿಹೋಕನೊಬ್ಬ, "ಅಣ್ಣಾ, ಅಂಚೆ ಕಚೇರಿ ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ" ಎಂದರೆ, "ಗೊತ್ತು, ಗೊತ್ತು" ಎಂದು ಸಮಾಧಾನ ಹೇಳಿ ಮುಂದೆ ನಡೆದಿದ್ದ. 'ಗೊತ್ತಿಲ್ಲ' ಎಂಬ ಮಾತು ಅವನ ಬಾಯಿಂದ ಬಿದ್ದದ್ದನ್ನು ಕೇಳಿದವರು ಊರಿನಲ್ಲಿರಲಿಲ್ಲ.

ಆ ವರ್ಷ ಅವನಿಗೊಂದು ತೊಡಕು ಬಂದಿತ್ತು. ಜೋಡಿಯಲ್ಲಿ ಒಂದು ಎತ್ತು ವಯಸ್ಸಾಗಿ ಹೋದ ತಿಂಗಳು ಕೊಟ್ಟಿಗೆಯಲ್ಲೇ ಕಣ್ಣು ಮುಚ್ಚಿತು. ಉಳಿದದ್ದು ಕೆಂದ ಒಬ್ಬನೇ. ಎತ್ತುಗಳನ್ನು ಗೊತ್ತಪ್ಪ 'ಅವನು' ಎಂದೇ ಹೇಳುತ್ತಿದ್ದ, 'ಅದು' ಎಂದವನಲ್ಲ. ಒಂಟಿ ಎತ್ತಿಗೆ ನೊಗವಿಲ್ಲ, ಇನ್ನೊಂದು ತರಲು ಕೈಯಲ್ಲಿ ಕಾಸಿಲ್ಲ. ಈ ಹದದೊಳಗೆ ಜೋಡಿ ಕೂಡದಿದ್ದರೆ ಊರವರು ಪಕ್ಕದ ಊರಿನ ಎತ್ತಿನವನನ್ನು ಕರೆಸುವುದು ಖಂಡಿತ. ಅವನು ಒಂದು ವರ್ಷ ಬಂದನೆಂದರೆ ಮುಂದಿನ ವರ್ಷ ಗೊತ್ತಪ್ಪನನ್ನು ಕೇಳುವವರಾರು?

ಹಾಗಾಗಿ ಅವನು ಪಕ್ಕದ ಮನೆಯ ಹಾಲಿನಕ್ಕನ ಕೋಣವನ್ನು ಬೇಡಿ ತಂದು ಕೆಂದನ ಜೊತೆ ಹೂಡಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಹಿರಿಯರು ಗಾದೆ ಕಟ್ಟಿದ್ದಾರೆ. ಆಗ ನೇಗಿಲು ಹಿಡಿದವನು ಯಾವ ಕಡೆ ಹೋಗಬೇಕು ಎಂಬುದನ್ನು ಮಾತ್ರ ಹೇಳದೆ ಬಿಟ್ಟಿದ್ದಾರೆ. ಗೊತ್ತಪ್ಪ ಎರಡೂ ಕಡೆ ಹೋಗುತ್ತಿದ್ದ. ಅವನ ಹಿಂದೆ ಬಿದ್ದ ಸಾಲು ಅವಸರದಲ್ಲಿರುವ ದೊಡ್ಡ ಅಧಿಕಾರಿಯ ರುಜುವಿನ ಹಾಗಿತ್ತು.

"ಲೋ, ನನ್ನ ಕೋಣಕ್ಕೆ ಹೊಡೀಬೇಡ್ವೋ!" ಹಾಲಿನಕ್ಕ ಬದುವಿನ ಮೇಲಿಂದ ಕೂಗಿದಳು.

"ಎಲ್ಲಿ ಹೊಡೀತಿದೀನಕ್ಕ? ಕೈ ಮುಗೀತಿದೀನಿ!"

ಅಷ್ಟರಲ್ಲಿ ರಸ್ತೆಯಲ್ಲಿ ಜೀಪೊಂದು ಬಂತು. ಅದರ ನೆತ್ತಿಯ ಮೇಲಿನ ಧ್ವನಿವರ್ಧಕ ಗಂಟಲು ಕಟ್ಟಿಸಿಕೊಂಡು ಅರಚುತ್ತಿತ್ತು. "ರೈತ ಬಾಂಧವರೇ... ಸರ್ಕಾರದ ಸಹಾಯಧನ... ಖಾಸಗಿ ಹೂಡಿಕೆ... ಎರಡೂ ಕೂಡಿದರೆ ಬಂಗಾರದ ಬೇಸಾಯ... ನಾಳೆ ಬೆಳಿಗ್ಗೆ ಕೃಷಿ ಕಚೇರಿಯಲ್ಲಿ..."

ಜೀಪಿನಿಂದ ಹೊರಡುವಾಗ ಅದು ಧನವೇ ಆಗಿತ್ತು. ಆದರೆ ಧಕಾರದ ಉಸಿರು ದಾರಿಯಲ್ಲೆಲ್ಲೋ ಸೋರಿಹೋಗಿ, ಹೊಲ ಮುಟ್ಟುವ ಹೊತ್ತಿಗೆ ದನವಾಗಿತ್ತು.

"ಏನಂತೋ ಅದು?" ಎಂದಳು ಹಾಲಿನಕ್ಕ.

ಗೊತ್ತಪ್ಪನ ಮುಖ ಅರಳಿತ್ತು. "ಗೊತ್ತು, ಗೊತ್ತು. ಸರ್ಕಾರ ಸಹಾಯ-ದನ ಕೊಡುತ್ತಂತೆ. ಜೋಡಿ ಇಲ್ಲದೋರಿಗೆ ಸಹಾಯಕ್ಕೆ ಒಂದು ದನ. ಅದನ್ನ ಖಾಸಗಿಯಾಗಿ ಹೂಡಬೇಕಂತೆ."

"ಖಾಸಗಿ ಅಂದ್ರೆ?"

ಗೊತ್ತಪ್ಪ ಒಂದು ಕ್ಷಣ ಕೋಣದ ಬೆನ್ನು ನೋಡಿದ. "ಖಾಸಗಿ ಅಂದ್ರೆ... ಯಾರೂ ನೋಡದ ಹಾಗೆ ಅಕ್ಕ. ಬಚ್ಚಲುಮನೆ ಇದ್ದ ಹಾಗೆ. ನಾಲ್ಕು ಜನರೆದುರು ಹೂಡಿದ್ರೆ ಎಲ್ಲರೂ ನಮಗೂ ದನ ಬೇಕು ಅನ್ನಲ್ವಾ? ಅದಕ್ಕೇ!"

ಸರ್ಕಾರಕ್ಕೆ ಇಷ್ಟು ಬುದ್ಧಿ ಯಾವಾಗ ಬಂತು ಎಂದು ಹಾಲಿನಕ್ಕ ಮೂಗಿನ ಮೇಲೆ ಬೆರಳಿಟ್ಟಳು. ಕೋಣಕ್ಕೆ ಈ ಚರ್ಚೆ ಹಿಡಿಸಲಿಲ್ಲ. ಅದು ಕೆಂದನನ್ನೂ ನೇಗಿಲನ್ನೂ ಗೊತ್ತಪ್ಪನನ್ನೂ ಎಳೆದುಕೊಂಡು ಹೋಗಿ ಕಾಲುವೆಯಲ್ಲಿ ಮಲಗಿತು.

*

ಕೃಷಿ ಕಚೇರಿ ಎಂದರೆ ಒಂದು ಉದ್ದನೆಯ ಕೋಣೆ. ಗೋಡೆಯ ಮೇಲೆ ನಗುತ್ತಿರುವ ರೈತನ ಚಿತ್ರ. ಮಳೆನೀರು ಸೋರಿ ಅವನ ಕೆನ್ನೆಯ ಮೇಲೆ ಇಳಿದಿದ್ದರಿಂದ ನಗುತ್ತಲೇ ಅಳುತ್ತಿರುವಂತೆ ಕಾಣುತ್ತಿದ್ದ. ಕಿಟಕಿಯ ಬಳಿ ಊರಿನ ದರ್ಜಿ ಸ್ಟೂಲಿನ ಮೇಲೆ ನಿಂತು, ಹೊಸದಾಗಿ ಹೊಲಿದು ತಂದ ಪರದೆಯನ್ನು ಕಟ್ಟುತ್ತಿದ್ದ.

ಕಚೇರಿಗೆ ಇದ್ದವರು ಒಬ್ಬರೇ ಅಧಿಕಾರಿಗಳು, ಒಳ್ಳೆಯವರೇ. ಆದರೆ ಪಾಪ, ನಿದ್ದೆಗೆಟ್ಟಿದ್ದರು. ಹೊರಗಿನವರೊಬ್ಬರು ದುಡ್ಡು ಹಾಕಿದರೆ ಮಾತ್ರ ಸರ್ಕಾರವೂ ತನ್ನ ಪಾಲು ಹಾಕುವ ಯೋಜನೆ ಅದು. ದುಡ್ಡು ಹಾಕುವವರು ಯಾವ ಊರಿನಲ್ಲೂ ಸಿಕ್ಕಿರಲಿಲ್ಲ. ತಿಂಗಳ ಕೊನೆಯೊಳಗೆ ಒಬ್ಬರನ್ನಾದರೂ ಹಿಡಿದು ತರದಿದ್ದರೆ ಯೋಜನೆ ವಾಪಸು, ಅದರ ಹಿಂದೆಯೇ ತಾವೂ ಎಲ್ಲಿಗೋ ವರ್ಗ. ಸೇರಿದ ಜನಕ್ಕೆಲ್ಲ ವಿವರಿಸಿ, ಕೊನೆಗೆ ಆಸೆಯಿಲ್ಲದ ದನಿಯಲ್ಲಿ ಕೇಳಿದರು:

"ನಿಮ್ಮೂರಲ್ಲಿ ಹೂಡಿಕೆದಾರರು ಅಂತ ಒಬ್ಬರಾದ್ರೂ ಇದ್ದಾರೇನ್ರಪ್ಪ?"

ಗೊತ್ತಪ್ಪ ಎದ್ದು ನಿಂತ. "ನಾನಿದ್ದೀನಲ್ಲ ಸ್ವಾಮಿ. ಇಡೀ ಊರಿಗೆ ಹೂಡೋನು ನಾನೊಬ್ಬನೇ."

"ನೀವಾ?"

"ನಮ್ಮಪ್ಪನ ಕಾಲದಿಂದ."

ಅಧಿಕಾರಿಗಳು ಅವನ ಮೊಣಕಾಲಿನವರೆಗಿನ ಕೆಸರನ್ನು ನೋಡಿದರು. ನಿಜವಾದ ಸಿರಿವಂತರು ಸರಳವಾಗಿರುತ್ತಾರೆ ಎಂದು ಅವರು ಎಲ್ಲೋ ಓದಿದ್ದರು. ಇಷ್ಟು ಸರಳವಾಗಿದ್ದಾರೆಂದರೆ ಎಷ್ಟು ಸಿರಿವಂತರಿರಬೇಕು! ತಮ್ಮ ಕುರ್ಚಿಯನ್ನೇ ಅವನತ್ತ ತಳ್ಳಿದರು. ಚಹಾ ಬಂತು.

"ಅಂದಾಜು ಎಷ್ಟು ಹೂಡ್ತೀರಿ?"

"ಮೈ ಸರಿಯಿದ್ದು ನೆಲ ಹದವಾಗಿದ್ರೆ, ಊರೆಲ್ಲ ಹೂಡಿಬಿಡ್ತೀನಿ ಸ್ವಾಮಿ."

"ಊರೆಲ್ಲ!" ಅಧಿಕಾರಿಗಳ ಕೈಯ ಪೆನ್ನು ಮೇಜಿನ ಕೆಳಗೆ ಉರುಳಿತು. "ಒಬ್ಬರೇ ಹೂಡ್ತೀರೋ, ಜೊತೆ ಇದೆಯೋ?"

ಗೊತ್ತಪ್ಪನ ಕಣ್ಣು ತೇವವಾಯಿತು. "ಜೊತೆ ಇತ್ತು ಸ್ವಾಮಿ. ಒಬ್ಬ ಹೋದ ತಿಂಗಳು ತೀರಿಕೊಂಡ. ಅವನ ಹಾಗೆ ಹೆಗಲು ಕೊಡೋರು ಇನ್ನು ಹುಟ್ಟಬೇಕು. ಕೊನೇ ದಿನ ಒಂದು ಹುಲ್ಲುಕಡ್ಡೀನೂ ಮುಟ್ಟಲಿಲ್ಲ."

"ಅಂಥ ಪ್ರಾಮಾಣಿಕರು ಈಗ ಎಲ್ಲಿ ಸಿಗ್ತಾರೆ," ಎಂದು ಅಧಿಕಾರಿಗಳು ನಿಟ್ಟುಸಿರಿಟ್ಟರು. "ಈಗ ಜೊತೆಗೆ ಯಾರು?"

"ಸದ್ಯಕ್ಕೆ ಹಾಲಿನಕ್ಕನ ಮನೆಯವನನ್ನ ಕಟ್ಕೊಂಡಿದೀನಿ. ಬಲ ಇದೆ, ಬುದ್ಧಿ ಇಲ್ಲ. ಸ್ವಲ್ಪ ಬಿಸಿಲೇರಿದ್ರೆ ಸಾಕು, ಹೋಗಿ ಬಿದ್ಕೊಂಡುಬಿಡ್ತಾನೆ."

ಅಧಿಕಾರಿಗಳು ದನಿ ತಗ್ಗಿಸಿದರು. "ಹಗಲು ಹೊತ್ತೇನಾ?"

"ಹಗಲೇ. ಎಬ್ಬಿಸೋಕೆ ನಾಲ್ಕು ಜನ ಬೇಕು. ನೆನ್ನೆ ನನ್ನನ್ನೂ ಎಳ್ಕೊಂಡು ಹೋದ."

"ಛೆ ಛೆ! ಅಂಥವರ ಸಹವಾಸ ಬಿಟ್ಟುಬಿಡಿ. ಯೋಜನೆಗೆ ಒಳ್ಳೇದಲ್ಲ."

"ಗೊತ್ತು, ಗೊತ್ತು. ಅದಕ್ಕೇ ನಿಮ್ಮ ಹತ್ರ ಬಂದಿದ್ದು."

"ನೀವೇನೂ ಯೋಚನೆ ಮಾಡ್ಬೇಡಿ. ಮೊದಲು ನಿಮ್ಮ ಹೂಡಿಕೆ ಆಗ್ಲಿ. ಮೂರು ದಿನ ಬಿಟ್ಟು ನಮ್ಮ ದೊಡ್ಡ ಮೇಡಂ ಅವರನ್ನ ಕರ್ಕೊಂಡು ಬರ್ತೀನಿ. ಅವರು ಕಣ್ಣಾರೆ ನೋಡ್ಬೇಕು. ಆಮೇಲೆ ಸಹಾಯಧನ."

ಇದು ಗೊತ್ತಪ್ಪನಿಗೆ ನ್ಯಾಯವಾಗಿಯೇ ಕಂಡಿತು. ಹೂಡಲು ಬರುತ್ತದೋ ಇಲ್ಲವೋ ನೋಡದೆ ದನವನ್ನು ಯಾರು ಕೊಡುತ್ತಾರೆ? ಒಂದೇ ಒಂದು ಅನುಮಾನ ಉಳಿದಿತ್ತು.

"ಮೇಡಂ ಬಂದಾಗಲೂ ಖಾಸಗಿಯೇ ಇರಬೇಕಾ ಸ್ವಾಮಿ?"

"ಪೂರ್ತಿ ಖಾಸಗಿ!" ಅಧಿಕಾರಿಗಳು ಮೇಜು ಗುದ್ದಿದರು. "ಅದೇ ಮುಖ್ಯ. ಚೂರು ಹೆಚ್ಚುಕಮ್ಮಿ ಆದ್ರೂ ಮೇಡಂ ಒಪ್ಪಲ್ಲ."

ಸ್ಟೂಲಿನ ಮೇಲಿದ್ದ ದರ್ಜಿ ಅಷ್ಟು ಹೊತ್ತೂ ಒಂದೇ ಗಂಟನ್ನು ಕಟ್ಟುತ್ತಿದ್ದ.

*

ಗೊತ್ತಪ್ಪ ನಡೆದುಕೊಂಡು ಊರು ಸೇರುವಷ್ಟರಲ್ಲಿ ದರ್ಜಿ ಸುದ್ದಿ ಹೊತ್ತು ಸೈಕಲ್ ತುಳಿದು ಸೇರಿದ್ದ. ಹಿಟ್ಟಿನ ಮೂಟೆಯ ಮೇಲೂ ಗೊತ್ತಪ್ಪನನ್ನು ಕೂರಗೊಡದಿದ್ದ ಅಂಗಡಿಯಣ್ಣ, ಇಂದು ಒಳಗಿನಿಂದ ಕುರ್ಚಿ ತಂದು ತನ್ನ ಹೆಗಲ ಮೇಲಿನ ಬಟ್ಟೆಯಿಂದಲೇ ಧೂಳು ಕೊಡವಿದ.

"ಬನ್ನಿ ಯಜಮಾನ್ರೇ!"

ಗೊತ್ತಪ್ಪ ಯಾವ ಯಜಮಾನರು ಬಂದರೆಂದು ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಆದರೂ "ಗೊತ್ತು, ಗೊತ್ತು" ಎಂದು ಕೂತ.

"ಇಷ್ಟು ವರ್ಷ ಹೇಗೆ ಅಡಗಿಸಿ ಇಟ್ಟಿದ್ರಿ ಅಂತ!" ಅಂಗಡಿಯಣ್ಣ ಕಣ್ಣು ಮಿಟುಕಿಸಿದ.

"ಕೊಟ್ಟಿಗೇಲಿ," ಎಂದ ಗೊತ್ತಪ್ಪ. ಕೆಂದನ ವಿಷಯ ಕೇಳುತ್ತಿದ್ದಾನೆ ಎಂದುಕೊಂಡಿದ್ದ.

ಸಂಜೆಯ ಹೊತ್ತಿಗೆ ಅಂಗಡಿಯಣ್ಣ ಮನೆಗೇ ಬಂದ. ಬಾಗಿಲು ಮುಂದಕ್ಕೆಳೆದು, ಒಂದು ನೋಟಿನ ಕಟ್ಟನ್ನು ಚಾಪೆಯ ಕೆಳಗೆ ತೂರಿಸಿದ. "ಒಂದು ಖಾಸಗಿ ಮಾತು ಯಜಮಾನ್ರೇ. ನಮ್ಮದೂ ಸ್ವಲ್ಪ ಹೂಡಿಬಿಡಿ. ಯಾರಿಗೂ ಹೇಳ್ಬೇಡಿ."

ಗೊತ್ತಪ್ಪ ಚಾಪೆಯ ಅಂಚೆತ್ತಿ ಕಟ್ಟನ್ನು ಮತ್ತೊಮ್ಮೆ ನೋಡಿದ. ಉಳುಮೆಯ ಕೂಲಿಯನ್ನು ಸುಗ್ಗಿ ಮುಗಿದ ಮೇಲೂ ಮುಖ ಸಿಂಡರಿಸಿ ಎಸೆಯುತ್ತಿದ್ದ ಮನುಷ್ಯ, ನೇಗಿಲು ನೆಲಕ್ಕೆ ತಾಗುವ ಮೊದಲೇ ಕೊಡುತ್ತಿದ್ದಾನೆ! ಅದೂ ಮಾಮೂಲಿಗಿಂತ ಎಷ್ಟೋ ಪಾಲು ಹೆಚ್ಚು. ಸಹಾಯ-ದನ ಬರುತ್ತದೆಂಬ ಸುದ್ದಿಗೇ ಜನರಿಗೆ ಎಷ್ಟು ಗೌರವ!

"ನಿಮ್ಮದೇ ಮೊದಲು ಹೂಡ್ತೀನಣ್ಣ. ಆಳವಾಗಿ ಹೂಡ್ತೀನಿ."

"ಆಳವಾಗಿ! ಅದಪ್ಪ ಮಾತು!" ಎಂದು ಅಂಗಡಿಯಣ್ಣ ಹಿತ್ತಲ ಬಾಗಿಲಿನಿಂದ ಜಾರಿಕೊಂಡ. ಮುಂಬಾಗಿಲಿನಲ್ಲಿ ಹಾಲಿನಕ್ಕ ಕೆಮ್ಮುತ್ತಿದ್ದಳು.

"ನನ್ನ ಕೋಣಾನ ವಾಪಸ್ ಕರ್ಕೊಂಡು ಹೋಗ್ತೀನಪ್ಪ. ಇನ್ಮೇಲೆ ಅದು ನಿನಗೆ ಒಪ್ಪಲ್ಲ. ತಗೋ, ಹಾಲು ಮಾರಿದ ದುಡ್ಡು. ನಂದೂ ಹೂಡು."

ಅವಳು ಹಿತ್ತಲಿಗೆ ಹೋಗುವಷ್ಟರಲ್ಲಿ ಮುಂದೆ ದರ್ಜಿ. ಅವನು ಕೊಟ್ಟದ್ದು ಗುಂಡಿಯ ಡಬ್ಬಿ. ಅಲುಗಾಡಿಸಿದರೆ ಗುಂಡಿಯ ಸದ್ದು ಬರಲಿಲ್ಲ.

ಎಲ್ಲವನ್ನೂ ಒಲೆಯ ಮುಂದಿನಿಂದ ನೋಡುತ್ತಿದ್ದ ಹೆಂಡತಿ ಕೇಳಿದಳು, "ರೀ, ಏನಿದು?"

"ಉಳುಮೆಗೆ ಮುಂಗಡ ಕಣೇ."

"ದರ್ಜಿಯಣ್ಣನಿಗೆ ಹೊಲ ಎಲ್ಲಿದೆ?"

"ಇರುತ್ತೆ."

"ಎಲ್ಲಿ?"

"ಎಲ್ಲೋ ಇರುತ್ತೆ. ಹೊಲ ಇಲ್ಲದೆ ಹೂಡು ಅಂತಾನಾ? ನಂಗೊತ್ತು, ನೀನು ಸುಮ್ನಿರು."

ಹೆಂಡತಿ ಒಲೆಯ ಕಡೆ ತಿರುಗಿದಳು. ಆದರೆ ಅವಳ ತುಟಿಯ ಮೂಲೆಯಲ್ಲಿ ಏನೋ ಒಂದು ಅಲುಗಿತು.

ಸುದ್ದಿ ಕಿವಿಗೆ ಬಿದ್ದು ಮರುದಿನ ಮೊದಲ ಬಸ್ಸಿಗೆ ಅತ್ತೆಯೇ ಇಳಿದಳು. ಈ ಅತ್ತೆಯದು ದೊಡ್ಡ ಮಗಳ ಮನೆಯಲ್ಲಿ ವಾಸ. ಕಿರಿಯ ಅಳಿಯನನ್ನು ಅವಳು ಇದುವರೆಗೆ ಹೆಸರು ಹಿಡಿದು ಕರೆದವಳಲ್ಲ, ಬಂದಾಗಲೆಲ್ಲ ಮಗಳನ್ನು, "ಅದು ಮನೇಲಿದೆಯಾ, ಹೊಲಕ್ಕೆ ಹೋಯ್ತಾ?" ಎಂದು ಕೇಳುತ್ತಿದ್ದಳು. ಇಂದು ಹೊಸಿಲಿನಲ್ಲೇ ನಿಂತು, "ಅಳಿಯಂದ್ರು ಎದ್ದಿದ್ದಾರಾ?" ಎಂದಳು. ಎತ್ತನ್ನು 'ಅವನು' ಎನ್ನುವವನ ಮನೆಯಲ್ಲಿ ಅವನಿಗೇ 'ಅದು' ತಪ್ಪಿ 'ಅವರು' ಬಂದದ್ದು ಅದೇ ಮೊದಲು. ಗೊತ್ತಪ್ಪ ಕಂಬಳಿಯೊಳಗೇ ಬೆವರಿದ.

ಅತ್ತೆ ದಿಂಬಿನ ಚೀಲವೊಂದನ್ನು ಅವನ ತೊಡೆಯ ಮೇಲಿಟ್ಟಳು. "ನನ್ನ ಜೀವಮಾನದ ಉಳಿಕೆ. ದೊಡ್ಡವಳ ಗಂಡನಿಗೂ ತೋರ್ಸಿಲ್ಲ. ಇದನ್ನೂ ಹೂಡಿಬಿಡಿ ಅಳಿಯಂದ್ರೇ."

ಮಾವ ಹೊಲ ಮಾರಿ ಎಷ್ಟೋ ವರ್ಷವಾಗಿತ್ತು. ಅತ್ತೆ ಹೂಡೆನ್ನುತ್ತಿರುವುದು ಯಾವ ನೆಲವನ್ನು? ಕೇಳಿದರೆ ಗೊತ್ತಿಲ್ಲವೆಂದಂತಾಗುತ್ತದೆ. ಅತ್ತೆಯ ಮುಂದಂತೂ ಅದು ಸಾಧ್ಯವೇ ಇಲ್ಲ.

"ಗೊತ್ತು, ಗೊತ್ತು," ಎಂದ ಗೊತ್ತಪ್ಪ.

*

ಕೋಣ ಹೋಗಿಯಾಗಿತ್ತು. ಮೇಡಂ ಬರುವ ದಿನ ಹೂಡಿ ತೋರಿಸಬೇಕು. ಬಿಸಿಲು ಬಲಿಯುತ್ತಿತ್ತು. ಗೊತ್ತಪ್ಪ ಮುಂಗಡವನ್ನೆಲ್ಲ ಒಟ್ಟುಮಾಡಿ ದನದ ಸಂತೆಗೆ ನಡೆದ. ಅಲ್ಲಿ ಮಾತ್ರ ಅವನಿಗೆ ಯಾರೂ ಏನೂ ಹೇಳಿಕೊಡಬೇಕಿರಲಿಲ್ಲ. ಹಲ್ಲು ನೋಡಿದ, ಗೊರಸು ತಟ್ಟಿದ, ಹೆಗಲಿನ ಮೇಲೆ ಅಂಗೈಯಾಡಿಸಿ ನೊಗದ ಜಡ್ಡು ಎಷ್ಟಿದೆಯೆಂದು ಅಳೆದ. ಸಂತೆಯೆಲ್ಲ ಎರಡು ಸುತ್ತು ಬಂದು, ಕೊನೆಗೆ ಬಿಳಿ ಎತ್ತೊಂದರ ಮುಂದೆ ನಿಂತ. ಎತ್ತು ಅವನ ಅಂಗಿಯ ತೋಳು ನೆಕ್ಕಿತು. ವ್ಯಾಪಾರ ಅಲ್ಲಿಗೆ ಮುಗಿದಂತೆಯೇ; ದಲ್ಲಾಳಿ ಮಾತಾಡಿದ್ದೆಲ್ಲ ಬರೀ ಶಾಸ್ತ್ರಕ್ಕೆ.

ಸಂಜೆ ಬಿಳಿಯನನ್ನು ಹಿಡಿದುಕೊಂಡು ಊರೊಳಗೆ ಬರುವಾಗ ಅವನ ಎದೆ ಅರ್ಧ ಗೇಣು ಮುಂದೆ ಇತ್ತು. ಕೊಟ್ಟಿಗೆಯಲ್ಲಿ ಕೆಂದ ಹೊಸಬನನ್ನು ಮೂಸಿ, ಒಮ್ಮೆ ಬುಸುಗುಟ್ಟಿ, ಆಮೇಲೆ ತನ್ನ ಹುಲ್ಲಿನಲ್ಲಿ ಜಾಗ ಬಿಟ್ಟ.

ಊರು ಅದಕ್ಕೂ ತನ್ನದೇ ಅರ್ಥ ಮಾಡಿತು. "ಎಷ್ಟು ಸರಳ ನೋಡಿ," ಎಂದ ದರ್ಜಿ. "ಬೇರೆಯವರಾಗಿದ್ರೆ ಕಾರು ತಗೋತಿದ್ರು. ಇವರು ಎತ್ತು ತಂದಿದ್ದಾರೆ!"

"ದೊಡ್ಡವರ ಶೋಕಿ," ಎಂದ ಅಂಗಡಿಯಣ್ಣ.

ಇನ್ನುಳಿದದ್ದು ಖಾಸಗಿಯ ಏರ್ಪಾಟು. ಗೊತ್ತಪ್ಪ ದರ್ಜಿಯ ಅಂಗಡಿಯಲ್ಲಿ ವಾರಸುದಾರರಿಲ್ಲದೆ ಉಳಿದಿದ್ದ ಪರದೆಗಳನ್ನೆಲ್ಲ ಕಡ ತಂದ. ಸಾಲದ್ದಕ್ಕೆ ಮನೆಯ ಹೊದಿಕೆ, ದುಪ್ಪಟಿ, ಹಾಲಿನಕ್ಕನ ಗೋಣಿತಾಟು. ತನ್ನ ಅಂಗೈಯಗಲದ ಹೊಲದ ಸುತ್ತ ಗಳ ನೆಟ್ಟು ಎಲ್ಲವನ್ನೂ ಎಳೆದು ಕಟ್ಟಿದ. ಒಂದು ಕಡೆ ಗುಲಾಬಿ ಹೂವು, ಒಂದು ಕಡೆ ನವಿಲು, ಒಂದು ಕಡೆ ಅತ್ತೆಯ ಕಂಬಳಿ. ದೂರದಿಂದ ನೋಡಿದವರಿಗೆ ಹೊಲಕ್ಕೆ ಸ್ನಾನ ಮಾಡಿಸುತ್ತಿದ್ದಾರೇನೋ ಅನ್ನಿಸಬೇಕು.

ಮೇಡಂ ಬರುವ ದಿನ ಊರೆಲ್ಲ ಪರದೆಯ ಹೊರಗೆ ಸೇರಿತು. ಒಳಗೇನಿದೆ ಎಂಬುದೇ ಮಾತು.

"ಮಿಷನ್ನು. ಹೊರದೇಶದ್ದು."

"ಅಲ್ಲ, ಗಾಜಿನ ಮನೆ. ಒಳಗೆ ವರ್ಷವಿಡೀ ಬೆಳೆ ಬರುತ್ತಂತೆ."

"ಏನೇ ಇರ್ಲಿ, ನಂದೂ ಅದರಲ್ಲಿದೆ," ಎಂದುಬಿಟ್ಟ ದರ್ಜಿ, ತಡೆಯಲಾರದೆ.

"ನಿಂದೂ ಇದೆಯಾ?" ಎಂದ ಅಂಗಡಿಯಣ್ಣ ಬೆಚ್ಚಿ. "ನಂದು ಮಾತ್ರ ಅಂದ್ಕೊಂಡಿದ್ದೆ!"

"ನಂದೂ," ಎಂದಳು ಹಾಲಿನಕ್ಕ.

"ಎಲ್ಲರಿಗಿಂತ ಹೆಚ್ಚು ನಂದು," ಎಂದಳು ಅತ್ತೆ, ಕುರ್ಚಿಯ ಮೇಲಿಂದ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡವಳು ಅವಳೊಬ್ಬಳೇ.

ಜೀಪು ಬಂತು. ಅಧಿಕಾರಿಗಳು ಇಸ್ತ್ರಿ ಹಾಕಿದ ಅಂಗಿಯಲ್ಲಿ ಇಳಿದರು. ಅವರ ಹಿಂದೆ ದಪ್ಪ ಕನ್ನಡಕದ ದೊಡ್ಡ ಮೇಡಂ. ಅವರ ಮುಖದಲ್ಲಿ ಬೆಳಗಿನಿಂದ ಹತ್ತು ಕಡೆ ಮೋಸಹೋದವರ ಆಯಾಸವಿತ್ತು. ಅಧಿಕಾರಿಗಳು ಗಂಟಲು ಸರಿಮಾಡಿಕೊಂಡರು. "ಸರಳತೆಯ ಮೂರ್ತಿ, ತೀರಿಹೋದ ತಮ್ಮ ಪಾಲುದಾರರನ್ನು ನೆನೆದು ಈಗಲೂ ಕಣ್ಣೀರಿಡುವ, ಊರೆಲ್ಲ ಹೂಡುವ ಛಲ ತೊಟ್ಟಿರುವ ನಮ್ಮ ಹೂಡಿಕೆದಾರರು ತಮ್ಮ ಖಾಸಗಿ ಹೂಡಿಕೆಯನ್ನು..." ಎಂದು, ಮಾತಿನ ರಭಸದಲ್ಲೇ ಗುಲಾಬಿ ಹೂವಿನ ಪರದೆಯನ್ನು ಸರ್ರನೆ ಎಳೆದರು.

ಒಳಗೆ ಕೆಂದ, ಬಿಳಿಯ, ನೊಗ, ನೇಗಿಲು. ಮೇಣಿ ಹಿಡಿದು, ಎಣ್ಣೆ ಹಚ್ಚಿ ಬಾಚಿದ ತಲೆಯ ಗೊತ್ತಪ್ಪ. ಬಿಳಿಯನಂತೂ ಪರದೆಯ ಮೇಲಿನ ನವಿಲಿನ ಕತ್ತನ್ನು ಆಗಲೇ ತಿಂದು ಮುಗಿಸಿ ಗರಿಗಳಿಗೆ ಬಾಯಿ ಹಾಕಿದ್ದ.

ಅತ್ತೆ ಕುರ್ಚಿಯಿಂದ ಎದ್ದು ನಿಂತಳು.

"ಇದೇನ್ರೀ?" ಎಂದರು ಅಧಿಕಾರಿಗಳು, ಇಲ್ಲದ ದನಿಯಲ್ಲಿ.

"ಹೂಡಿಕೆ ಸ್ವಾಮಿ. ಹೂಡಿ ನಿಂತಿದ್ದೀನಿ. ನೀವು ಹೇಳಿದ ಹಾಗೆ ಪೂರ್ತಿ ಖಾಸಗಿ. ಈಗ ನೀವೇ ಪರದೆ ತೆಗೆದ್ರಲ್ಲ!"

"ನಿಮ್ಮ... ಜೊತೆ? ತೀರಿಕೊಂಡವರು?"

"ಇವನ ಅಣ್ಣ," ಗೊತ್ತಪ್ಪ ಕೆಂದನ ಬೆನ್ನು ತಟ್ಟಿದ.

ಅಂಗಡಿಯಣ್ಣ ಮೊದಲು ಎಚ್ಚರಗೊಂಡ. "ನಮ್ಮ ದುಡ್ಡೆಲ್ಲಿ?"

"ಇಗೋ ಅಣ್ಣ, ಇವನೇ." ಗೊತ್ತಪ್ಪ ಬಿಳಿಯನನ್ನು ತೋರಿಸಿದ.

"ನನ್ನ ದುಡ್ಡು?" ಎಂದು ದರ್ಜಿ ಅರಚಿದ.

"ಇವನೇ. ನಿನ್ನ ದುಡ್ಡೇ ಈಗ ನಿನ್ನ ಪರದೆ ತಿಂತಾ ಇರೋದು. ಮೊದಲು ಬಿಡಿಸ್ಕೋ."

ಆಮೇಲೆ ಎದ್ದ ಗದ್ದಲದಲ್ಲಿ ಯಾರು ಏನೆಂದರೋ ಹೇಳುವುದು ಕಷ್ಟ. ಮೋಸ ಎಂದರು, ದಗಾ ಎಂದರು, ಎತ್ತನ್ನು ಈಗಲೇ ಸಂತೆಗೆ ಹೊಡೆಯಿರಿ ಎಂದರು. ಅಂಗಡಿಯಣ್ಣ ಹಗ್ಗಕ್ಕೇ ಕೈ ಹಾಕಿದ. ಗೊತ್ತಪ್ಪ ಬಿಳಿಯನ ಕೊರಳನ್ನು ತಬ್ಬಿ ನಿಂತ. ಅವನ ಬಾಯಿಂದ 'ಗೊತ್ತು' ಹೊರಡಲಿಲ್ಲ. ಎತ್ತು ಹೋದರೆ ಹದವೂ ಹೋಯಿತು, ಊರಿನ ಉಳುಮೆಯೂ ಹೋಯಿತು. ಅದೊಂದು ಮಾತ್ರ ಅವನಿಗೆ ನಿಜವಾಗಿ ಗೊತ್ತಿತ್ತು.

ಆಗ ಹೆಂಡತಿ ನಡುವೆ ಬಂದು ನಿಂತಳು. "ಅಣ್ಣ, ನೀವು ಬಂದು ಏನಂದ್ರಿ?"

"ಹೂಡಿ ಅಂದೆ!"

"ಅಕ್ಕ, ನೀವು?"

"ಹೂಡು ಅಂದೆ ಕಣೇ."

"ದರ್ಜಿಯಣ್ಣ?"

"ನಾನೂ... ಹೂಡು ಅಂತಲೇ."

"ಹೂಡು ಅಂದ್ರಿ, ಹೂಡಿದ್ದಾರೆ. ಬೇರೇನಾದ್ರೂ ಬೇಕಿದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು. ಬಾಗಿಲು ಮುಂದಕ್ಕೆಳೆದು ಪಿಸುಗುಟ್ಟಿದ್ದು ಯಾರು? ನನ್ನ ಗಂಡನಾ?"

ಹಿಂದಿನಿಂದ ವಿಚಿತ್ರವಾದ ಸದ್ದೊಂದು ಕೇಳಿ ಎಲ್ಲರೂ ತಿರುಗಿದರು. ದೊಡ್ಡ ಮೇಡಂ ಜೀಪಿನ ಬಾಗಿಲು ಹಿಡಿದುಕೊಂಡು ನಗುತ್ತಿದ್ದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಹಾಕಿಕೊಂಡರು, ಬಿಳಿಯನನ್ನು ನೋಡಿದರು, ಮತ್ತೆ ತೆಗೆದರು.

"ನಾನು ಎಲ್ಲಿ ಹೋಗಿ ಹೂಡಿಕೆ ತೋರಿಸಿ ಅಂದ್ರೂ ಒಂದು ಬೋರ್ಡ್ ತೋರಿಸ್ತಾರೆ," ಎಂದರು ಕೊನೆಗೆ. "ಇಲ್ಲದಿದ್ರೆ ಒಂದು ಗುಂಡಿ. ಇವತ್ತು ಬೆಳಿಗ್ಗೆ ಒಬ್ಬರು ತಮ್ಮ ಭಾವಮೈದನನ್ನ ತೋರ್ಸಿದ್ರು. ಇಲ್ಲಿ ಜನ ಕೈಯಿಂದ ದುಡ್ಡು ಹಾಕಿದ್ದಾರೆ ಅಲ್ವಾ?"

"ಹಾಕಿದ್ದಾರೆ ಮೇಡಂ," ಎಂದರು ಅಧಿಕಾರಿಗಳು, ವರ್ಗದ ಊರಿನ ಬಸ್ಸು ಯಾವುದೆಂದು ಯೋಚಿಸುತ್ತಾ.

"ಬೇಸಾಯಕ್ಕೇ ಹೋಗಿದೆಯಾ?"

"ಬೇಸಾಯಕ್ಕೇ."

"ಕಣ್ಣಿಗೆ ಕಾಣ್ತಿದೆಯಾ?"

"ಬಾಲ ಆಡಿಸ್ತಿದೆ ಮೇಡಂ."

"ಮತ್ತೆ ಯಾಕೆ ನಿಂತಿದ್ದೀರಿ? ಕಂಡದ್ದು ಬರ್ಕೊಳ್ಳಿ. ಅರ್ಧ ನಾವು ಕೊಡ್ಬೇಕು."

ಅಧಿಕಾರಿಗಳು ಬರೆದುಕೊಂಡರು: 'ಖಾಸಗಿ ಹೂಡಿಕೆ ಆಗಿದೆ. ಆರೋಗ್ಯವಾಗಿದೆ. ಪರಿಶೀಲನೆಯ ವೇಳೆ ಪರದೆ ಮೇಯುತ್ತಿತ್ತು.' ಆ ಬರಹ ಮೇಡಂ ರುಜುವಿನೊಂದಿಗೆ ಮೇಲಕ್ಕೆ ಹೋಯಿತು. ಮೇಲೆ ಹೋದ ಕಡತ ಹಕ್ಕಿಯಲ್ಲ. ಸಂಜೆಯಾಯಿತೆಂದು ಗೂಡಿಗೆ ಮರಳಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ. ಸರ್ಕಾರದ ಅರ್ಧ ಇನ್ನೂ ಬಂದಿಲ್ಲ. ಆದರೆ ಅಧಿಕಾರಿಗಳ ವರ್ಗ ನಿಂತಿತು. ಈಗ ಆ ಕಡೆ ಹೋಗುವಾಗಲೆಲ್ಲ ಅವರು ಜೀಪು ನಿಲ್ಲಿಸಿ, "ನಮ್ಮ ಹೂಡಿಕೆ ಹೇಗಿದೆ?" ಎಂದು ವಿಚಾರಿಸಿ, ಬಿಳಿಯನಿಗೆ ಒಂದು ಹಿಡಿ ಹುಲ್ಲು ಹಾಕಿ ಹೋಗುತ್ತಾರೆ.

*

ಹದ ಇನ್ನೂ ಇತ್ತು. ಅರ್ಧ ಸಿಟ್ಟು ಮೇಡಂ ನಗುವಿಗೆ ಕರಗಿತು. ಉಳಿದರ್ಧ, ಬಿಳಿಯ ಎಳೆದ ಮೊದಲ ಸಾಲನ್ನು ನೋಡಿದ ಮೇಲೆ. ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ, ಕಪ್ಪಗೆ, ಉಸಿರು ಬಿಡುತ್ತಾ ಮಣ್ಣು ಮಗ್ಗುಲಾಗಿ ಮಲಗುತ್ತಿತ್ತು. ದುಡ್ಡು ಕೊಟ್ಟವರು ಬದುವಿನ ಮೇಲೆ ಕೂತು ಲೆಕ್ಕ ಹಾಕಿದರು. ಕೊಟ್ಟದ್ದು ತೀರುವವರೆಗೆ ಗೊತ್ತಪ್ಪ ಕೂಲಿಯಿಲ್ಲದೆ ಅವರ ಹೊಲ ಉಳಬೇಕು.

ಅಂಗಡಿಯಣ್ಣನ ಹೊಲ ಉತ್ತದ್ದಾಯಿತು. ಹಾಲಿನಕ್ಕನ ಮೇವಿನ ಹೊಲವೂ ಆಯಿತು. ಕೋಣ ಕಾಲುವೆಯಲ್ಲಿ ಮಲಗಿ ತನ್ನ ಬದಲಿಗೆ ಬಂದವನ ಕೆಲಸವನ್ನು ಮೇಲುಸ್ತುವಾರಿ ಮಾಡಿತು. ದರ್ಜಿಗೆ ಮಾತ್ರ ಹೊಲವಿರಲಿಲ್ಲ, ಇದ್ದದ್ದು ಬಟ್ಟೆ ಒಣಹಾಕುವ ಹಿತ್ತಲು. ಅವನು ಹಟ ಹಿಡಿದ.

"ನಂಗೂ ಹೂಡಲೇಬೇಕು. ನನ್ನ ದುಡ್ಡೇನು ಪುಕ್ಕಟೆ ಬಂದಿದ್ದಾ?"

"ಹಿತ್ತಲಿಗೆ ದಾರಿ ಎಲ್ಲಯ್ಯಾ?"

"ಮನೆಯೊಳಗಿಂದ ಹೋಗಿ!"

ಕೆಂದ, ಬಿಳಿಯ ಇಬ್ಬರೂ ಹೊಲಿಗೆಯ ಮಿಷನ್ನಿನ ಪಕ್ಕದಿಂದ, ಅಳತೆಗೆ ಬಂದಿದ್ದ ಇಬ್ಬರು ಗಿರಾಕಿಗಳ ನಡುವಿನಿಂದ, ಅಡಿಗೆಮನೆ ದಾಟಿ ಹಿತ್ತಲಿಗೆ ಇಳಿದರು. ಅಲ್ಲಿ ಆರು ಹೆಜ್ಜೆ ಹೋಗುವುದು, ತಿರುಗುವುದು. ಆರು ಹೆಜ್ಜೆ ಬರುವುದು, ತಿರುಗುವುದು. ದರ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇನ್ನೂ ಆಳ, ಇನ್ನೂ ಆಳ!" ಎನ್ನುತ್ತಿದ್ದ. ಆ ವರ್ಷ ಅವನ ಹಿತ್ತಲಲ್ಲಿ ಕುಂಬಳಕಾಯಿ ಎಷ್ಟು ಬಿಟ್ಟಿತೆಂದರೆ, ಅಂಗಿ ಹೊಲಿಸಲು ಬಂದವರೆಲ್ಲ ಒಂದೊಂದು ಕೊಂಡೇ ಹೋಗಬೇಕಾಗಿತ್ತು. ಅಂಗಿ ಹೊಲಿಯುವುದು ತಡವಾದರೂ ಕಾಯಿಗೆ ತಡವಿರಲಿಲ್ಲ.

ಸುಗ್ಗಿಯ ಹೊತ್ತಿಗೆ ಎಲ್ಲರದ್ದೂ ತೀರಿತು. ಅತ್ತೆಯದು ಉಳಿಯಿತು. ಅವಳಿಗೆ ಹೊಲವಿಲ್ಲ, ಹಿತ್ತಲಿಲ್ಲ. ಹೂಡಿ ತೀರಿಸೋಣವೆಂದರೆ ಹೂಡಲು ನೆಲವೇ ಇಲ್ಲ. ಆವತ್ತು ಬಂದವಳು ಮರಳುವ ಬಸ್ಸು ಹಿಡಿದಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಕೊಟ್ಟಿಗೆಗೆ ಹೋಗುತ್ತಾಳೆ, ಬಿಳಿಯನ ಮೈಯುಜ್ಜುತ್ತಾಳೆ, ನೆನೆಸಿದ ಕಾಳು ತಿನ್ನಿಸುತ್ತಾಳೆ. ಹೊಲಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು, "ಬಿಸಿಲೇರೋಕೆ ಮುಂಚೆ ಮನೆ ಸೇರ್ಲಿ. ಹೋದ ವಾರ ಮೈ ಇಳಿದುಹೋಗಿತ್ತು, ಈಗಷ್ಟೇ ತುಂಬಿದೆ," ಎನ್ನುತ್ತಾಳೆ. ಆ ಮಾತು ತನ್ನ ವಿಷಯವೇನೋ ಎಂದು ಗೊತ್ತಪ್ಪ ಮೊದಮೊದಲು ಹಿಗ್ಗಿದ್ದುಂಟು.

ಕಾಳು ಮಾರಿ ಬಂದ ದಿನ ಅವನು ಅತ್ತೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ದುಡ್ಡಿನ ಕಟ್ಟನ್ನು ಮುಂದಿಟ್ಟ. "ಅತ್ತೆ, ನಿಮ್ಮ ಬಾಕಿ. ತಗೊಳ್ಳಿ. ದೊಡ್ಡಕ್ಕನ ಮನೇಲಿ ನಿಮ್ಮನ್ನ ಕಾಯ್ತಾ ಇರ್ತಾರೆ. ಸಂಜೆ ಬಸ್ಸಿದೆ."

ಅತ್ತೆ ಹುಲ್ಲಿನ ಹೊರೆ ಬಿಚ್ಚುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

"ಇಟ್ಕೊಳ್ಳಿ ಅಳಿಯಂದ್ರೇ," ಎಂದಳು. "ನಂಗೇನೂ ಅವಸರ ಇಲ್ಲ."

ಸಾಲ ಕೊಟ್ಟವರ ಬಾಯಿಂದ ಇಷ್ಟು ಸಿಹಿಯಾದ ಮಾತನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಗೊತ್ತಪ್ಪ ಒಳಗೆ ಹೋಗಿ, ಇದ್ದುದರಲ್ಲಿ ಒಳ್ಳೆಯ ಗಳವೊಂದನ್ನು ಆರಿಸಿ, ಅತ್ತೆಯ ಬಟ್ಟೆ ಒಣಹಾಕಲು ಜಗುಲಿಯಲ್ಲಿ ಕಟ್ಟತೊಡಗಿದ.